ಅಂದು ಹೆಂಡತಿ, ಇಂದು ಅಮ್ಮ: ಪಂಢರಿಬಾಯಿಯವರನ್ನು ಮತ್ತೆ ನೋಡುತ್ತಾ

ಹೋದ ವರ್ಷ ನಮ್ಮ ಹವ್ಯಾಸಿ ನಾಟಕ ತಂಡದಲ್ಲಿ ಹೊಸ ನಾಟಕಕ್ಕೆ ಪಾತ್ರ ಹಂಚಿದರು. ನನಗೆ ಬಂದಿದ್ದು ನಾಯಕನ ಅಮ್ಮನ ಪಾತ್ರ. ನಾಯಕನಾಗುವವನು ನನ್ನದೇ ವಯಸ್ಸಿನವನು. ಸರಿಯಾಗಿ ಲೆಕ್ಕ ಹಾಕಿದರೆ ನನಗಿಂತ ಎಂಟು ತಿಂಗಳು ದೊಡ್ಡವನು. ಹನ್ನೊಂದು ವರ್ಷದ ಹಿಂದೆ ಇದೇ ತಂಡದಲ್ಲಿ ನಾವಿಬ್ಬರೂ ಗಂಡ ಹೆಂಡತಿಯಾಗಿ ನಟಿಸಿದ್ದೆವು.

"ಆ ಪಾತ್ರಕ್ಕೆ ತೂಕ ಬೇಕು, ನೀವೇ ಸರಿ" ಎಂದರು ನಿರ್ದೇಶಕರು. ಅವರ ಮಾತಿನಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ. ಆದರೂ ನನಗೆ ಬೇಜಾರಾಯಿತು. ಅವತ್ತು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಮನೆಗೆ ಬರುವಾಗ ಇದ್ದಕ್ಕಿದ್ದಂತೆ ಒಂದು ಮುಖ ಕಣ್ಣ ಮುಂದೆ ಬಂತು. ದುಂಡು ಮುಖ, ಕಾಸಗಲದ ಕುಂಕುಮ, ಅತ್ತರೂ ನಕ್ಕರೂ ಒಂದೇ ಥರ ತೇವವಾಗಿರುವ ಕಣ್ಣು. ಪಂಢರಿಬಾಯಿ.

ನನ್ನ ವಯಸ್ಸಿನವರಿಗೆ ಪಂಢರಿಬಾಯಿ ಅಂದರೆ ಅಮ್ಮ. ಅಷ್ಟೇ. ನಾನು ಅವರನ್ನು ಮೊದಲು ನೋಡಿದ್ದು 'ಅನುರಾಗ ಅರಳಿತು' ಸಿನಿಮಾದಲ್ಲಿ. ಎಂ.ಎಸ್. ರಾಜಶೇಖರ್ ನಿರ್ದೇಶನದ, 1986ರ ಸಿನಿಮಾ. ರಾಜ್‌ಕುಮಾರ್ ಅವರಿಗೆ ಮಾಧವಿ ಮತ್ತು ಗೀತಾ ಜೋಡಿ. ರಾಜ್ ಅವರ ತಾಯಿಯಾಗಿ ಪಂಢರಿಬಾಯಿ. ಚಿಕ್ಕವಳಾಗಿದ್ದಾಗ ಅದರಲ್ಲಿ ನನಗೆ ಯಾವುದೂ ವಿಚಿತ್ರ ಅನಿಸಿರಲಿಲ್ಲ. ಅಮ್ಮ ಅಮ್ಮನ ಹಾಗಿದ್ದಳು, ಮಗ ಮಗನ ಹಾಗಿದ್ದ.

ಆಮೇಲೊಂದು ಶಿವರಾತ್ರಿ. ಜಾಗರಣೆಗೆ ಅಂತ ಮನೆಯವರೆಲ್ಲ ಟಿವಿ ಮುಂದೆ ಕೂತಿದ್ದೆವು. 'ಬೇಡರ ಕಣ್ಣಪ್ಪ' ಬರುತ್ತಿತ್ತು. ಕಪ್ಪು ಬಿಳುಪು ಚಿತ್ರ, ಅಲ್ಲಲ್ಲಿ ಗೆರೆ ಬಿದ್ದ ಪ್ರಿಂಟು. ಬೇಟೆಗಾರನ ಜೊತೆ ಅವನ ಹೆಂಡತಿ ನೀಲಾ ಇದ್ದಳು. ಚುರುಕು ಹೆಣ್ಣು. ನನ್ನ ಅತ್ತೆ ಕಡ್ಲೆಬೀಜ ಬಿಡಿಸುತ್ತಾ, "ಗೊತ್ತಾಯ್ತಾ ಯಾರು ಅಂತ? ರಾಜ್‌ಕುಮಾರ್ ಅಮ್ಮ ಕಣೇ" ಎಂದರು. ನನಗೆ ಅರ್ಥವಾಗಲಿಲ್ಲ. ಹೆಂಡತಿ ಅಲ್ವಾ? ಅತ್ತೆ ಮತ್ತೆ ಹೇಳಿದರು. "ಇಲ್ಲಿ ಹೆಂಡತಿ. ಆಮೇಲೆ ಅಮ್ಮ." ಅಷ್ಟು ಹೇಳಿ ಮತ್ತೆ ಕಡ್ಲೆಬೀಜದ ಕಡೆ ತಿರುಗಿದರು. ಅವರಿಗೆ ಅದೊಂದು ದೊಡ್ಡ ಸಂಗತಿಯೇ ಆಗಿರಲಿಲ್ಲ. ನನ್ನ ತಲೆಯಲ್ಲಿ ಮಾತ್ರ ಆ ಮಾತು ಉಳಿದುಬಿಟ್ಟಿತು.

ನಾಟಕದಲ್ಲಿ ಅಮ್ಮನ ಪಾತ್ರ ಬಂದ ಮೇಲೆ ಕೂತು ಅವರ ಸಿನಿಮಾಗಳನ್ನು ಒಂದೊಂದಾಗಿ ಮತ್ತೆ ನೋಡಿದೆ. ಎರಡು ತಿಂಗಳು ರಾತ್ರಿ ಊಟವಾದ ಮೇಲೆ ಅದೇ ಕೆಲಸ. ಕನ್ನಡದವು, ತಮಿಳಿನವು, ಸಿಕ್ಕಿದ್ದೆಲ್ಲ. ಆಗ ನನಗೆ ಕಂಡಿದ್ದನ್ನು ಬರೆದಿಡಬೇಕು ಅನಿಸಿದೆ.

ಪಂಢರಿಬಾಯಿ ಭಟ್ಕಳದವರು. ಅವರು ಹುಟ್ಟಿದಾಗ ಆ ಊರು ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಮನೆಯಲ್ಲಿ ಹರಿಕಥೆಯ ವಾತಾವರಣ. ಹೆಸರಿನಲ್ಲೇ ಪಂಢರಾಪುರ ಇದೆ ನೋಡಿ. 1943ರಲ್ಲಿ 'ವಾಣಿ' ಎಂಬ ಕನ್ನಡ ಸಿನಿಮಾದಿಂದ ತೆರೆಗೆ ಬಂದರು. ಆಗಿನ್ನೂ ಹದಿಹರೆಯದ ಹುಡುಗಿ. ಕನ್ನಡ ಸಿನಿಮಾ ಅಂದರೆ ವರ್ಷಕ್ಕೆ ಒಂದೋ ಎರಡೋ ಬರುತ್ತಿದ್ದ ಕಾಲ. ಅದನ್ನೇ ನಂಬಿದರೆ ಹೊಟ್ಟೆ ತುಂಬುವಂತಿರಲಿಲ್ಲ. ಕೆಲಸವೆಲ್ಲ ಮದರಾಸಿನಲ್ಲಿ. ಕನ್ನಡದವರು, ತೆಲುಗಿನವರು, ಮಲಯಾಳದವರು ಎಲ್ಲರೂ ಆ ಊರಿನ ಸ್ಟುಡಿಯೋಗಳಿಗೇ ಹೋಗಬೇಕಿತ್ತು. ಇವರೂ ಹೋದರು. ತಮಿಳು ಕಲಿತರು. ಹಿಂದಿಯಲ್ಲೂ ಕಾಣಿಸಿಕೊಂಡರು.

1952ರ ದೀಪಾವಳಿಗೆ 'ಪರಾಶಕ್ತಿ' ಬಂತು. ಕರುಣಾನಿಧಿಯವರ ಸಂಭಾಷಣೆ, ಕೃಷ್ಣನ್-ಪಂಜು ನಿರ್ದೇಶನ. ತಮಿಳುನಾಡಿನ ಸಿನಿಮಾವನ್ನೂ ರಾಜಕೀಯವನ್ನೂ ಅಲುಗಾಡಿಸಿದ ಚಿತ್ರ. ನಾಯಕ ನಾಟಕದಿಂದ ಬಂದ ಹೊಸ ಹುಡುಗ, ಬಡಕಲು ಮೈ. ಇವನನ್ನು ತೆಗೆದು ಬೇರೆಯವರನ್ನು ಹಾಕೋಣ ಎಂಬ ಮಾತೂ ನಡುವೆ ಬಂದಿತ್ತು. ನಿರ್ಮಾಪಕ ಪಿ.ಎ. ಪೆರುಮಾಳ್ ಪಟ್ಟು ಹಿಡಿದರು, ಹುಡುಗ ಉಳಿದ. ಅವರೇ ಶಿವಾಜಿ ಗಣೇಶನ್. ಅವರ ಎದುರು ನಾಯಕಿ ನಮ್ಮ ಪಂಢರಿಬಾಯಿ. ಪಾತ್ರದ ಹೆಸರು ವಿಮಲಾ. ಅಲೆದು ಅಲೆದು ಜೀವನವೇ ಬೇಡ ಅನಿಸಿದ ನಾಯಕನಿಗೆ ನಿನ್ನೊಬ್ಬನ ಕಷ್ಟ ಬಿಟ್ಟು ಊರಿನ ಕಷ್ಟ ನೋಡು ಎಂದು ತಿಳಿಹೇಳುವ ಹೆಣ್ಣು. ಶಿವಾಜಿ ಸಿಡಿಲಿನ ಹಾಗೆ ಮಾತಾಡುತ್ತಾರೆ. ಇವರು ಆ ಸಿಡಿಲಿನ ಮುಂದೆ ದೀಪದ ಹಾಗೆ ಸುಮ್ನೆ ನಿಲ್ಲುತ್ತಾರೆ. ನೋಡುವವರ ಕಣ್ಣು ಆಗಾಗ ದೀಪದ ಕಡೆಯೇ ಹೋಗುತ್ತದೆ.

ಎರಡು ವರ್ಷದ ನಂತರ ಕನ್ನಡದಲ್ಲೂ ಇದೇ ಕಥೆ. ಗುಬ್ಬಿ ಕಂಪನಿಯ ನಂಟಿನಲ್ಲಿ, ಎಚ್.ಎಲ್.ಎನ್. ಸಿಂಹ ನಿರ್ದೇಶನದಲ್ಲಿ 'ಬೇಡರ ಕಣ್ಣಪ್ಪ'. ಸಿಂಹ ಅವರು ಮುತ್ತುರಾಜ್ ಎಂಬ ರಂಗನಟನಿಗೆ ರಾಜ್‌ಕುಮಾರ್ ಎಂದು ಹೆಸರಿಟ್ಟು ನಾಯಕನನ್ನಾಗಿ ಮಾಡಿದರು. ನರಸಿಂಹರಾಜು ಅವರೂ ಅದೇ ಚಿತ್ರದಿಂದ ತೆರೆಗೆ ಬಂದವರು. ಹೊಸಬರೇ ತುಂಬಿದ್ದ ಆ ಗುಂಪಿನಲ್ಲಿ ಕ್ಯಾಮೆರಾ ಎಂದರೇನು ಎಂದು ಚೆನ್ನಾಗಿ ಗೊತ್ತಿದ್ದ ಕೆಲವೇ ಕಲಾವಿದರಲ್ಲಿ ಪಂಢರಿಬಾಯಿ ಒಬ್ಬರು. ಅವರಿಗೆ ಆಗಲೇ ಹನ್ನೊಂದು ವರ್ಷದ ಅನುಭವ. ಚಿತ್ರಕ್ಕೆ ರಾಷ್ಟ್ರ ಮಟ್ಟದಲ್ಲಿ ಅರ್ಹತಾ ಪತ್ರವೂ ಬಂತು. ಕನ್ನಡ ಸಿನಿಮಾದ ಚರಿತ್ರೆ ಹೇಳುವಾಗ ನಾವೆಲ್ಲ ಆ ಚಿತ್ರದಿಂದ ಶುರು ಮಾಡುತ್ತೇವೆ. ಅಲ್ಲಿಂದ ರಾಜ್ ಅವರ ಹೆಸರು ಹಿಡಿದು ಮುಂದೆ ಹೋಗುತ್ತೇವೆ. ನೀಲಾ ಅಲ್ಲೇ ಉಳಿದುಬಿಡುತ್ತಾಳೆ.

1954ರ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಅದೇ ವರ್ಷ ಏಪ್ರಿಲ್ 13ರಂದು 'ಅಂದ ನಾಳ್' ಎಂಬ ತಮಿಳು ಸಿನಿಮಾ ಬಂತು. ಎಸ್. ಬಾಲಚಂದರ್ ನಿರ್ದೇಶನ. ಹಾಡೇ ಇಲ್ಲದ ಚಿತ್ರ. ಆ ಕಾಲಕ್ಕೆ ಅದೊಂದು ದೊಡ್ಡ ಸಾಹಸ. ಯುದ್ಧದ ಸಮಯ, ಮದರಾಸಿನ ಮೇಲೆ ಜಪಾನಿನ ಬಾಂಬು ಬಿದ್ದ ದಿನಗಳು. ರೇಡಿಯೋ ಎಂಜಿನಿಯರ್ ಒಬ್ಬ ಗುಂಡೇಟಿಗೆ ಸತ್ತು ಬಿದ್ದಿದ್ದಾನೆ. ಕೊಂದವರು ಯಾರು? ಒಬ್ಬೊಬ್ಬರೂ ಒಂದೊಂದು ಕಥೆ ಹೇಳುತ್ತಾರೆ. ಸತ್ತವನು ಶಿವಾಜಿ, ಅವನ ಹೆಂಡತಿ ಉಷಾ ಪಂಢರಿಬಾಯಿ. ಗಂಡ ದೇಶಕ್ಕೆ ದ್ರೋಹ ಮಾಡುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಗುತ್ತದೆ. ಕೊನೆಗೆ ಗುಂಡು ಹಾರಿದ್ದು ಅವಳ ಕೈಯಿಂದಲೇ. ಎಪ್ಪತ್ತು ವರ್ಷ ದಾಟಿದ ಸಿನಿಮಾ, ಆದ್ದರಿಂದ ಗುಟ್ಟು ಹೇಳಿದರೂ ಪರವಾಗಿಲ್ಲ ಅಂದುಕೊಳ್ಳುತ್ತೇನೆ.

'ಬೇಡರ ಕಣ್ಣಪ್ಪ' ಬಂದಿದ್ದು ಆ ವರ್ಷದ ಮೇ 7ಕ್ಕೆ. ನಡುವೆ ಒಂದು ತಿಂಗಳೂ ಇಲ್ಲ. ಅಲ್ಲಿ ಗಂಡನ ಮೇಲೆ ಬಂದೂಕು ಹಿಡಿದ ಓದಿದ ಹೆಣ್ಣು. ಇಲ್ಲಿ ಗಂಡನ ಜೊತೆ ಊರು ಬಿಟ್ಟು ಹೊರಡುವ ಬೇಡರ ಹೆಣ್ಣು. ಎರಡೂ ಒಬ್ಬರೇ. ಇಷ್ಟು ಮಾಡಬಲ್ಲ ನಟಿಗೆ ಮುಂದೆ ನಾವು ಏನು ಕೊಟ್ಟೆವು? ಹಾಸಿಗೆ, ಕೆಮ್ಮು, ಕಣ್ಣೀರು. ಇದನ್ನು ಬರೆಯುವಾಗ ನನಗೆ ನಿಜವಾಗಿಯೂ ಸಂಕಟ ಆಗುತ್ತದೆ.

ಬದಲಾವಣೆ ಒಂದೇ ದಿನ ಆಗಲಿಲ್ಲ. 1965ರ 'ಸತ್ಯ ಹರಿಶ್ಚಂದ್ರ'ದಲ್ಲೂ ಅವರು ರಾಜ್ ಅವರ ಹೆಂಡತಿಯೇ, ಚಂದ್ರಮತಿ. ಆದರೆ ಅದು ಪುರಾಣ. ಮಗನನ್ನು ಕಳೆದುಕೊಂಡು ಅಳುವ ರಾಣಿಗೆ ಸ್ವಲ್ಪ ವಯಸ್ಸಾದವರು ನಡೆಯುತ್ತಾರೆ. ಸಾಮಾಜಿಕ ಚಿತ್ರಗಳಲ್ಲಿ ಆ ಹೊತ್ತಿಗೆ ಲೀಲಾವತಿ, ಜಯಂತಿ ಬಂದಿದ್ದರು. ಅವರ ಹಿಂದೆ ಭಾರತಿ, ಕಲ್ಪನಾ, ಆರತಿ, ಮಂಜುಳಾ. ರಾಜ್ ಮಾತ್ರ ಅಲ್ಲೇ ಇದ್ದರು. ಹಂಚಿಕೆದಾರರು ದುಡ್ಡು ಹಾಕುತ್ತಿದ್ದದ್ದು ನಾಯಕನ ಹೆಸರು ನೋಡಿ. ಊರೂರಿನಲ್ಲಿ ಕಟೌಟು ಏಳುತ್ತಿದ್ದದ್ದು ನಾಯಕನದು. ಆ ಮುಖ ಬದಲಾಗಬಾರದು. ಹಾಗಾಗಿ ಪಕ್ಕದ ಮುಖ ಬದಲಾಗುತ್ತಾ ಹೋಯಿತು. ಪಕ್ಕದಲ್ಲಿ ನಿಂತವರು ಬಿಟ್ಟು ಹೋಗಬೇಕು, ಇಲ್ಲವೇ ಅತ್ತಿಗೆಯೋ ಅಮ್ಮನೋ ಆಗಿ ಬರಬೇಕು.

ರಾಜ್ ಹುಟ್ಟಿದ್ದು 1929ರಲ್ಲಿ, ಶಿವಾಜಿ 1928ರಲ್ಲಿ. ಪಂಢರಿಬಾಯಿಯವರೂ ಸುಮಾರು ಅದೇ ವಯಸ್ಸಿನವರು. 1986ರಲ್ಲಿ ತಾಯಿ ಮಗನಾಗಿ ನಿಂತಾಗ ಇಬ್ಬರಿಗೂ ಐವತ್ತೈದು ದಾಟಿತ್ತು. ಆ ಚಿತ್ರದ ನಾಯಕಿ ಮಾಧವಿ 'ಬೇಡರ ಕಣ್ಣಪ್ಪ' ಬಂದಾಗ ಇನ್ನೂ ಹುಟ್ಟೇ ಇರಲಿಲ್ಲ. ತಮಿಳಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. 1968ರ 'ಕುಡಿಯಿರುಂದ ಕೋಯಿಲ್' ಚಿತ್ರದಲ್ಲಿ ಅವರು ಎಂ.ಜಿ.ಆರ್. ತಾಯಿ. ಎಂ.ಜಿ.ಆರ್. ಹುಟ್ಟಿದ್ದು 1917ರಲ್ಲಿ! ತನಗಿಂತ ಹತ್ತು ವರ್ಷಕ್ಕೂ ದೊಡ್ಡವರಾದ ಮಗನನ್ನು ಕಂದಾ ಎಂದು ಕರೆಯಬೇಕು. ಕರೆದರು. ನೋಡಿದವರು ನಂಬಿದರು. ನಂಬಿಸುವುದು ಅವರ ಕೆಲಸವಾಗಿತ್ತು.

ಇದು ಹೆಂಗಸರಿಗೆ ಮಾತ್ರ ಆದದ್ದಾ? ಪೂರ್ತಿ ಹಾಗೂ ಹೇಳುವಂತಿಲ್ಲ. ಕೆ.ಎಸ್. ಅಶ್ವತ್ಥ್ ಅವರನ್ನೇ ನೋಡಿ. 1955ರ 'ಸ್ತ್ರೀರತ್ನ'ದಲ್ಲಿ ನಾಯಕರಾಗಿ ಬಂದವರು. ರಾಜ್ ಅವರಿಗಿಂತ ನಾಲ್ಕೇ ವರ್ಷ ದೊಡ್ಡವರು. ಬದುಕಿಡೀ ಅಪ್ಪ, ಮೇಷ್ಟ್ರು, ಹಿರಿಯಣ್ಣ. ಆದರೆ ಅವರಿಗೆ ಕನಿಷ್ಠ ಚಾಮಯ್ಯ ಮೇಷ್ಟ್ರಂಥ ಒಂದು ಪಾತ್ರ ಸಿಕ್ಕಿತು. ಊರಿಗೆ ಊರೇ ಆ ಹೆಸರಿನಿಂದ ಕರೆಯಿತು. ಅಮ್ಮನ ಪಾತ್ರಗಳಿಗೆ ಕಥೆಯಲ್ಲಿ ಹೆಸರಿದ್ದರೂ ನಮಗೆ ನೆನಪಿರುವುದಿಲ್ಲ. ಅಮ್ಮ ಅಂದರೆ ಸಾಕು.

ಒಂದು ಪಾತ್ರವನ್ನು ಮಾತ್ರ ಬೇರೆಯಾಗಿ ಇಡಬೇಕು. 'ಬೆಳ್ಳಿಮೋಡ'. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲರ ನಿರ್ದೇಶನ, 1967. ನಾಯಕಿ ಇಂದಿರಾ ಕಲ್ಪನಾ, ಅವಳ ಅಪ್ಪ ಅಶ್ವತ್ಥ್, ಅಮ್ಮ ಪಂಢರಿಬಾಯಿ. ಮದುವೆಗೆ ಬಂದ ಒಬ್ಬಳೇ ಮಗಳು ಇರುವ ಮನೆ. ಆಸ್ತಿಗೆಲ್ಲ ಅವಳೇ ವಾರಸುದಾರಳು ಅಂತ ನಂಬಿ ಹುಡುಗ ಮದುವೆಗೆ ಒಪ್ಪಿದ್ದಾನೆ. ಅಷ್ಟರಲ್ಲಿ ಅಮ್ಮ ಬಸುರಿಯಾಗುತ್ತಾಳೆ. ಗಂಡು ಮಗು ಹುಟ್ಟುತ್ತದೆ, ಅಮ್ಮ ಉಳಿಯುವುದಿಲ್ಲ. ಹುಡುಗನ ಮನಸ್ಸು ಬದಲಾಗುತ್ತದೆ. ಇಡೀ ಕಥೆ ತಿರುಗುವುದು ಆ ಅಮ್ಮನ ಬಸಿರಿನ ಮೇಲೆ.

ಬೆಳೆದ ಮಗಳ ಎದುರು ಬಸುರಿಯಾಗಿ ಓಡಾಡುವ ಹೆಣ್ಣಿನ ನಾಚಿಕೆ ಎಂಥದ್ದು ಎಂದು ಯೋಚಿಸಿ. ಖುಷಿಯೂ ಇದೆ, ಮುಖ ಎತ್ತಲೂ ಆಗುತ್ತಿಲ್ಲ. ಗಂಡನ ಮೇಲೆ ಪ್ರೀತಿ ಇದೆ, ಮಗಳಿಗೆ ಅನ್ಯಾಯ ಆಯಿತೇನೋ ಎಂಬ ಅಳುಕೂ ಇದೆ. ಈ ಪಾತ್ರ ಅಮ್ಮನೂ ಹೌದು, ಹೆಂಡತಿಯೂ ಹೌದು, ಇನ್ನೂ ಹರೆಯ ಆರದ ಹೆಣ್ಣೂ ಹೌದು. ಆಗ ಪಂಢರಿಬಾಯಿಯವರಿಗೆ ನಲವತ್ತರ ಆಸುಪಾಸು. ಅವರ ವಯಸ್ಸಿಗೆ ಸರಿಯಾದ ಪಾತ್ರ ಅದು. ತಲೆಗೆ ಬಿಳಿ ಪೌಡರ್ ಬೇಕಾಗಿರಲಿಲ್ಲ. ಅಂಥ ಪಾತ್ರ ಇನ್ನೂ ಹತ್ತು ಬರೆಯಲು ನಮ್ಮವರಿಗೆ ಏನಾಗಿತ್ತು? ನಲವತ್ತರ ಹೆಣ್ಣಿಗೂ ಆಸೆ, ಭಯ, ಕಥೆ ಇರುತ್ತದೆ ಎಂದು ತ್ರಿವೇಣಿಯವರಿಗೆ ಗೊತ್ತಿತ್ತು. ಅವರೊಬ್ಬ ಹೆಣ್ಣು ಲೇಖಕಿ ಆಗಿದ್ದರಿಂದಲೇ ಗೊತ್ತಿತ್ತು ಅನಿಸುತ್ತದೆ ನನಗೆ.

ಇನ್ನು ನಾನು ಎಲ್ಲಕ್ಕಿಂತ ಹೆಚ್ಚು ಸಲ ನೋಡಿದ ಚಿತ್ರ 'ದೈವ ಮಗನ್'. 1969ರದ್ದು. ಶಿವಾಜಿಯವರಿಗೆ ಮೂರು ಪಾತ್ರ. ಮುಖದ ತುಂಬ ಕಲೆ ಇರುವ ಅಪ್ಪ, ಅದೇ ಕಲೆ ಹೊತ್ತು ಹುಟ್ಟಿ ಮನೆಯಿಂದ ಹೊರಗೆ ಬೆಳೆದ ದೊಡ್ಡ ಮಗ, ಮುದ್ದಿನಲ್ಲಿ ಬೆಳೆದ ಚಂದದ ಚಿಕ್ಕ ಮಗ. ಪಂಢರಿಬಾಯಿ ಒಬ್ಬರೇ. ಆ ಅಪ್ಪನ ಹೆಂಡತಿ, ಆ ಇಬ್ಬರು ಮಕ್ಕಳ ತಾಯಿ. ಅಂದರೆ ಹದಿನೇಳು ವರ್ಷದ ಹಿಂದೆ ತಮ್ಮ ಎದುರು ನಾಯಕನಾಗಿ ನಿಂತಿದ್ದ ಅದೇ ಮುಖವನ್ನು ಈಗ ಮೂರು ಥರ ನೋಡಬೇಕು. ಒಂದೇ ಸಿನಿಮಾದಲ್ಲಿ.

ಶಿವಾಜಿಯವರ ಮೂರು ಪಾತ್ರಗಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಮಾತಾಡಲೇಬೇಕು, ಅಷ್ಟು ಚೆನ್ನಾಗಿದೆ. ಆದರೆ ಆ ಮೂವರು ಬೇರೆ ಬೇರೆ ಎಂದು ನಾವು ನಂಬುವುದಕ್ಕೆ ಅರ್ಧ ಕಾರಣ ಪಂಢರಿಬಾಯಿ ಎಂದು ನನಗೆ ಈಗ ಅನಿಸುತ್ತದೆ. ಗಂಡನ ಹತ್ತಿರ ಮಾತಾಡುವಾಗ ಅವರ ದನಿ ಒಂದು ಮೆಟ್ಟಿಲು ಕೆಳಗಿರುತ್ತದೆ. ಎಷ್ಟೋ ವರ್ಷ ಜೊತೆಗಿದ್ದವರ ಸಲಿಗೆ ಅದು. ಚಿಕ್ಕ ಮಗನ ಹತ್ತಿರ ಬಂದರೆ ಮುಖ ಸಡಿಲವಾಗುತ್ತದೆ, ಗದರುವಾಗಲೂ ಕಣ್ಣು ನಗುತ್ತದೆ. ಒಂದು ರಾತ್ರಿ ದನಿ ಆಫ್ ಮಾಡಿ ಅವರ ಮುಖವನ್ನಷ್ಟೇ ನೋಡಿದೆ. ಎದುರಿಗೆ ಇರುವುದು ಗಂಡನೋ ಮಗನೋ ಎಂದು ಮಾತಿಲ್ಲದೆಯೂ ಗೊತ್ತಾಗುತ್ತಿತ್ತು. ನಾಲ್ಕು ವರ್ಷ ಬಿಟ್ಟು 'ಗೌರವಂ' ಚಿತ್ರದಲ್ಲಿ ಮತ್ತೆ ಅದೇ ಥರದ ಕೆಲಸ. ಬ್ಯಾರಿಸ್ಟರ್ ಶಿವಾಜಿಗೆ ಹೆಂಡತಿ, ಮನೆಯಲ್ಲಿ ಸಾಕಿದ ಹುಡುಗ ಶಿವಾಜಿಗೆ ತಾಯಿಯಂಥವಳು.

ಹೀಗೆ ನೋಡುತ್ತಾ ನೋಡುತ್ತಾ ಒಂದು ವಿಷಯ ಹಿಡಿಯಿತು. ಪಂಢರಿಬಾಯಿ ಮುದುಕಿಯ ನಟನೆ ಮಾಡುವುದಿಲ್ಲ. ಬೆನ್ನು ಬಗ್ಗಿಸುವುದಿಲ್ಲ, ದನಿ ನಡುಗಿಸುವುದಿಲ್ಲ. ಕೂದಲಿಗೆ ಬಿಳಿ ಹಚ್ಚಿರುತ್ತಾರೆ, ಅದು ಮೇಕಪ್ಪಿನವರ ಕೆಲಸ. ಇವರು ಮಾಡುವುದು ಒಂದೇ. ಸ್ವಲ್ಪ ನಿಧಾನ ಮಾಡುತ್ತಾರೆ. ಮಗ ಬಾಗಿಲಲ್ಲಿ ಕಂಡ ಕೂಡಲೇ ಓಡುವುದಿಲ್ಲ. ಮೊದಲು ಅವನ ಮುಖ ನೋಡುತ್ತಾರೆ. ಊಟ ಮಾಡಿದ್ದಾನಾ, ಬೇಜಾರಲ್ಲಿದ್ದಾನಾ, ಏನೋ ಮುಚ್ಚಿಡುತ್ತಿದ್ದಾನಾ ಅಂತ ಕಣ್ಣಲ್ಲೇ ಒಂದು ಸುತ್ತು ಹಾಕುತ್ತಾರೆ. ಆಮೇಲೆ ಕೈ ಸೆರಗಿನ ಕಡೆ ಹೋಗುತ್ತದೆ. ಮಾತು ಕೊನೆಗೆ. ಒಂದೆರಡು ಸೆಕೆಂಡಿನ ಕೆಲಸ, ಆದರೆ ನಮ್ಮ ಮನೆಗಳಲ್ಲಿ ಅಮ್ಮಂದಿರು ಮಾಡುವುದು ಸರಿಯಾಗಿ ಹೀಗೇ ಅಲ್ವಾ?

ಇನ್ನೂ ಒಂದು. ಅವರು ಮಗನನ್ನು ನೋಡುವ ನೋಟದಲ್ಲಿ ಬರೀ ಮಮತೆ ಇರುವುದಿಲ್ಲ. ಈ ಮನುಷ್ಯ ನನಗೆ ಬಹಳ ಹಿಂದಿನಿಂದ ಗೊತ್ತು ಎಂಬ ಭರವಸೆ ಇರುತ್ತದೆ. 'ಅನುರಾಗ ಅರಳಿತು' ಚಿತ್ರವನ್ನು ಈ ಸಲ ನೋಡುವಾಗ ನನ್ನ ಕಣ್ಣು ತುಂಬಿತು. ತಾಯಿ ಮಗನನ್ನು ನೋಡುತ್ತಿದ್ದಾಳೆ, ಸರಿ. ಜೊತೆಗೆ ಮೂವತ್ತೆರಡು ವರ್ಷದ ಹಿಂದೆ ತನ್ನ ಎದುರು ಮೊದಲ ಸಲ ನಾಯಕನಾಗಿ ನಿಂತ ಹುಡುಗನನ್ನು ಆ ಹಿರಿಯ ನಟಿ ನೋಡುತ್ತಿದ್ದಾರೆ. ಅವನು ಬೆಳೆದದ್ದೆಲ್ಲ ಆ ಕಣ್ಣಿಗೆ ಗೊತ್ತು. ಹಾಗೆ ನೋಡಲು ಬೇರೆ ಯಾವ ನಟಿಗೂ ಆಗುತ್ತಿರಲಿಲ್ಲ. ಅದೇ ಚಿತ್ರ 1992ರಲ್ಲಿ ತಮಿಳಿಗೆ 'ಮನ್ನನ್' ಆಗಿ ಹೋಯಿತು. ರಜನಿಕಾಂತ್ ನಾಯಕ. ತಾಯಿ ಪಾತ್ರಕ್ಕೆ ಮತ್ತೆ ಪಂಢರಿಬಾಯಿಯವರನ್ನೇ ಕರೆದರು. ತಾಯಿಯ ಮೇಲೆ ಮಗ ಹಾಡುವ ಆ ಚಿತ್ರದ ಹಾಡು ಇವತ್ತಿಗೂ ತಮಿಳು ಮನೆಗಳಲ್ಲಿ ಕೇಳುತ್ತದೆ. ಚೆನ್ನೈನಲ್ಲಿರುವ ನನ್ನ ಗೆಳತಿಯ ಅತ್ತೆಗೆ ಪಂಢರಿಬಾಯಿ ಕನ್ನಡದವರು ಎಂದು ನಾನು ಹೇಳಿದಾಗ ನಂಬಲೇ ಇಲ್ಲ. "ಅವರು ನಮ್ಮವರು" ಎಂದರು. ನಾನು ವಾದ ಮಾಡಲಿಲ್ಲ.

ನಟನೆಯ ಜೊತೆ ಸಿನಿಮಾ ನಿರ್ಮಾಣಕ್ಕೂ ಕೈ ಹಾಕಿದ್ದರು. 1957ರ 'ರಾಯರ ಸೊಸೆ' ಅವರದ್ದೇ. ತಂಗಿ ಮೈನಾವತಿಯೂ ಅಕ್ಕನ ಹಿಂದೆಯೇ ಬಂದು ಹೆಸರು ಮಾಡಿದರು. 'ಅಬ್ಬಾ ಆ ಹುಡುಗಿ' ನೋಡಿದವರಿಗೆ ಮೈನಾವತಿಯವರ ಜೋರು ನೆನಪಿರುತ್ತದೆ. ಅಕ್ಕ ಮೆದು, ತಂಗಿ ಖಾರ. ಅವರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಪಂಢರಿಬಾಯಿ ತೀರಿಕೊಂಡಿದ್ದು 2003ರ ಜನವರಿ 29ರಂದು, ಚೆನ್ನೈನಲ್ಲಿ. ಭಟ್ಕಳದಿಂದ ಹೊರಟ ಹುಡುಗಿ ಅರವತ್ತು ವರ್ಷ ತೆರೆಯ ನಂಟಿನಲ್ಲೇ ಬದುಕಿದ್ದರು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಲ ಬೇರೆಯವರ ಮಕ್ಕಳಿಗೆ ಅಮ್ಮನಾಗಿಯೇ.

ನಮ್ಮ ನಾಟಕದ ತಾಲೀಮಿನ ಮೊದಲ ವಾರ ನಾನು ಬೆನ್ನು ಬಗ್ಗಿಸಿ, ಒಂದು ಕೈ ಸೊಂಟದ ಮೇಲಿಟ್ಟು ಓಡಾಡುತ್ತಿದ್ದೆ. ಮಾತಿನ ನಡುವೆ ಕೆಮ್ಮು ಸೇರಿಸಿದ್ದೆ. ಎಲ್ಲರೂ ಚೆನ್ನಾಗಿದೆ ಎಂದಿದ್ದರು. ಮೂರನೇ ವಾರ ಕೆಮ್ಮು ಬಿಟ್ಟೆ, ಆಮೇಲೆ ಬೆನ್ನು ನೆಟ್ಟಗೆ ಮಾಡಿದೆ. ಮಗ ಊರಿಂದ ಬಂದು ಬಾಗಿಲಲ್ಲಿ ನಿಲ್ಲುವ ದೃಶ್ಯದಲ್ಲಿ ನಿರ್ದೇಶಕರು ಓಡಿ ಹೋಗಿ ತಬ್ಬಿಕೊಳ್ಳಿ ಎಂದಿದ್ದರು. ನಾನು ಅಲ್ಲೇ ನಿಂತು ಅವನ ಮುಖ ನೋಡಿದೆ. ಹನ್ನೊಂದು ವರ್ಷದ ಹಿಂದೆ ಇದೇ ಹಾಲಿನಲ್ಲಿ ನನ್ನ ಗಂಡನಾಗಿ ನಿಂತು ಮಾತು ಮರೆತು ತಡವರಿಸಿದ್ದವನು. ಕಿವಿಯ ಹತ್ತಿರ ಅವನಿಗೂ ಒಂದೆರಡು ಬಿಳಿ ಕೂದಲು ಬಂದಿದ್ದವು. ಅವನು ಅಮ್ಮಾ ಎಂದ. ನಾನು ಸೆರಗಿನಿಂದ ಕೈ ಒರೆಸಿಕೊಂಡು, ನಿಧಾನವಾಗಿ, "ಯಾವಾಗ ಬಂದೆಯೋ?" ಎಂದೆ. ತಾಲೀಮು ನೋಡುತ್ತಾ ಮೂಲೆಯಲ್ಲಿ ಕೂತಿದ್ದ ಹುಡುಗಿಯೊಬ್ಬಳು ಫೋನ್ ಕೆಳಗಿಟ್ಟಳು.

ಪ್ರದರ್ಶನದ ದಿನ ಮೇಕಪ್ ಮಾಡುವವರು ಬಿಳಿ ಪೌಡರಿನ ಡಬ್ಬಿ ಹಿಡಿದು ಬಂದರು. ಕಿವಿಯ ಪಕ್ಕ ಸ್ವಲ್ಪ ಹಚ್ಚಿ ಸಾಕು ಎಂದೆ. ಕುಂಕುಮ ಮಾತ್ರ ನಾನೇ ಇಟ್ಟುಕೊಂಡೆ, ಕಾಸಗಲ.